ಮಗು ಏಕೆ ತಿರುಗಿ ನೋಡುವುದಿಲ್ಲ?

ನಮ್ಮ ಸಂಘದ ಮನೆಗಳಲ್ಲಿ ಒಂದು ಮಗುವಿಗೆ ಜ್ವರ ಬಂದರೆ ಗಂಟೆಯೊಳಗಾಗಿ ನಾಲ್ಕು ಮನೆಗೆ ತಿಳಿಯುತ್ತದೆ. ಒಬ್ಬರು ತುಳಸಿಯ ಕಷಾಯ ಹೇಳುತ್ತಾರೆ, ಮತ್ತೊಬ್ಬರು ಡಾಕ್ಟರ ಹೆಸರು ಹೇಳುತ್ತಾರೆ, ಮೂರನೆಯವರು ಸ್ಕೂಟರನ್ನೇ ಹೊರಗೆ ತೆಗೆಯುತ್ತಾರೆ. ಆದರೆ ಎರಡು ವರ್ಷದ ಮಗು ಹೆಸರು ಹಿಡಿದು ಕರೆದರೂ ತಿರುಗಿ ನೋಡುವುದಿಲ್ಲವೆಂಬುದನ್ನು ತಂದೆತಾಯಿಗಳು ಯಾರಿಗೂ ಹೇಳುವುದಿಲ್ಲ. ಒಬ್ಬರಿಗೊಬ್ಬರು ಕೂಡ ಹೇಳಿಕೊಳ್ಳುವುದಿಲ್ಲ. ನಾವೂ ಹೇಳಿಕೊಳ್ಳಲಿಲ್ಲ. ನಮ್ಮ ಎರಡನೆಯ ಮಗನಿಗೆ ಎರಡು ವರ್ಷ ತುಂಬಿದಂದಿನಿಂದ ಅವನಿಗೆ ಇರುವುದೇನು ಎಂಬುದು ಕಾಗದದ ಮೇಲೆ ಬರುವವರೆಗೆ ಹದಿನೈದು ತಿಂಗಳು ಹಿಡಿದವು. ಅದರಲ್ಲಿ ಎಂಟು ತಿಂಗಳು ನಮ್ಮ ಮೌನದ ಲೆಕ್ಕಕ್ಕೆ, ಏಳು ತಿಂಗಳು ಒಂದು ತಪ್ಪು ಸಲಹೆಯ ಲೆಕ್ಕಕ್ಕೆ. ನಾನು ವೈದ್ಯನಲ್ಲ, ಸರಕಾರಿ ಕಚೇರಿಯ ಗುಮಾಸ್ತ. ಕೆಲವನ್ನು ಓದಿ, ಹೆಚ್ಚಿನದನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಕಲಿತವನು. ಆ ಲೆಕ್ಕವನ್ನು ವಾಚಕರ ಮುಂದೆ ಒಪ್ಪಿಸಬೇಕೆಂದೇ ಸಂಪಾದಕರಲ್ಲಿ ಈ ಪುಟಗಳನ್ನು ಕೇಳಿ ಪಡೆದಿದ್ದೇನೆ.

ಹುಡುಗ ಒಂದೂವರೆ ವರ್ಷದವನಾಗಿದ್ದಾಗ ಐದಾರು ಮಾತು ಆಡುತ್ತಿದ್ದ. ಅವ್ವ, ಅಜ್ಜಿ, ಬಾ, ಪಾಣಿ. ಈ ಪಾಣಿ ನೆರೆಮನೆಯ ಮರಾಠಿ ಮಕ್ಕಳಿಂದ ಬಂದದ್ದು. ಎರಡು ವರ್ಷ ತುಂಬುವ ಹೊತ್ತಿಗೆ ಅವು ಒಂದೊಂದಾಗಿ ಉದುರಿಹೋದವು. ಊಟದ ತಾಟನ್ನು ನೆಲದ ಮೇಲೆ ಗಿರಗಿರನೆ ತಿರುಗಿಸಿ, ಅದು ಸದ್ದು ಮಾಡುತ್ತ ಮಲಗುವುದನ್ನು ನೋಡುತ್ತ ಗಂಟೆಗಟ್ಟಲೆ ಕೂಡುತ್ತಿದ್ದ. ಬಿಸ್ಕತ್ತು ಬೇಕಾದರೆ ತಾಯಿಯ ಮುಂಗೈ ಹಿಡಿದು ಡಬ್ಬಿಯ ಮೇಲೆ ತಂದಿಡುವನು, ಆದರೆ ಅವಳ ಮುಖವನ್ನು ನೋಡನು. ಕೈಯೊಂದು ಇಕ್ಕಳವೋ ಚಮಚವೋ ಎಂಬಂತೆ ಅದರಿಂದ ಕೆಲಸ ತೆಗೆದುಕೊಳ್ಳುವನು. ಕಿವಿ ಕೇಳಿಸುವುದಿಲ್ಲವೇನೋ ಎಂದುಕೊಳ್ಳಲೂ ಆಗುತ್ತಿರಲಿಲ್ಲ. ಕುಕ್ಕರಿನ ಸೀಟಿಗೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದ. ಕಲ್ಲಿದ್ದಲ ಗಣಿಯಲ್ಲಿ ಸುರಂಗ ಹಾರಿಸಿದ ಸದ್ದು ದೂರದಿಂದ ಬಂದರೂ ಬೆಚ್ಚುತ್ತಿದ್ದ. ಆದುದರಿಂದ, ಕೇಳಿಸುತ್ತದೆ, ಹಟಮಾರಿತನವಷ್ಟೇ ಎಂದು ತೀರ್ಮಾನಿಸಿದೆವು.

ನಮ್ಮ ಅವ್ವನ ತೀರ್ಪಂತೂ ಆಗಲೇ ಆಗಿತ್ತು. “ನೀನೂ ಮೂರು ವರ್ಷದ ತನಕಾ ಬಾಯಿ ಬಿಟ್ಟಿದ್ದಿಲ್ಲೋ ತಮ್ಮಾ. ಗಂಡು ಹುಡುಗ್ರು ತಡಾನ ಮಾತಾಡ್ತಾವ. ಸುಮ್ಮ ಕೂಡ್ರಿ” ಎಂದುಬಿಟ್ಟಳು. ಅವಳ ಮಾತಿನಲ್ಲಿ ಅರ್ಧ ಸತ್ಯವಿತ್ತು. ತಡವಾಗಿ ಮಾತು ಬಂದು ಮುಂದೆ ಸರಿಹೋಗುವ ಮಕ್ಕಳು ನಿಜವಾಗಿಯೂ ಇದ್ದಾರೆ. ಆದರೆ ಬಂದ ಮಾತು ಹೋಗುವುದು ಬೇರೆ. ಯಾವ ವಯಸ್ಸಿನಲ್ಲೇ ಆಗಲಿ, ಕಲಿತ ಮಾತನ್ನು ಅಥವಾ ಜನರೊಡನೆ ಬೆರೆಯುವ ರೂಢಿಯನ್ನು ಮಗು ಕಳೆದುಕೊಂಡರೆ ಒಂದು ದಿನವೂ ಕಾಯಬಾರದೆಂದು ಎಲ್ಲ ತಜ್ಞರೂ ಒಂದೇ ದನಿಯಲ್ಲಿ ಹೇಳುತ್ತಾರೆ. ಇದು ನಮಗೆ ಆಗ ಗೊತ್ತಿರಲಿಲ್ಲ.

ಇನ್ನು ಆ ತಪ್ಪು ಸಲಹೆಯ ಮಾತು. ಎರಡು ವರ್ಷ ಎಂಟು ತಿಂಗಳಿಗೆ ಧೈರ್ಯ ಮಾಡಿ ಒಬ್ಬ ಡಾಕ್ಟರಲ್ಲಿಗೆ ಹೋದೆವು. ಮನೆಯಲ್ಲಿ ಯಾವ ಭಾಷೆ ಎಂದು ಕೇಳಿದರು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಟಿ.ವಿ.ಯಲ್ಲಿ ಹಿಂದಿ ಎಂದೆ. ಅವರು ನಕ್ಕು, ಮಗುವಿಗೆ ಮೂರು ಭಾಷೆಗಳ ಗೊಂದಲವಾಗಿದೆ, ಕನ್ನಡವನ್ನು ನಿಲ್ಲಿಸಿ ಮರಾಠಿಯೊಂದನ್ನೇ ಆಡಿರಿ, ಮೂರು ವರ್ಷದವರೆಗೆ ನೋಡೋಣ ಎಂದರು. ಸಲಹೆ ಒಳ್ಳೆಯ ಮನಸ್ಸಿನಿಂದಲೇ ಬಂದದ್ದು, ಸಂದೇಹವಿಲ್ಲ. ಹೊರನಾಡಿನಲ್ಲಿರುವ ನಮ್ಮಲ್ಲಿ ಎಷ್ಟು ಮನೆಗಳಿಗೆ ಇದೇ ಸಲಹೆ ದೊರೆತಿದೆಯೋ ಬಲ್ಲವರಾರು? ಏಳು ತಿಂಗಳು ನಮ್ಮ ಮನೆಯಲ್ಲಿ ಕನ್ನಡ ನಿಂತಿತು. ನನಗೆ ಕಚೇರಿಯ ಮರಾಠಿ ಚೆನ್ನಾಗಿಯೇ ಬರುತ್ತದೆ. ನನ್ನ ಹೆಂಡತಿ ಮದುವೆಯಾಗಿ ಧಾರವಾಡದ ಕಡೆಯಿಂದ ಬಂದವಳು. ಅವಳ ಮರಾಠಿ ಕಾಯಿಪಲ್ಯದ ಅಂಗಡಿಯವರೆಗಿನದು. ಮಗುವಿಗೆ ಜೋಗುಳ ಹಾಡುವುದು, ಉಣ್ಣಿಸುವಾಗ ಗುಬ್ಬಿಯ ಕತೆ ಹೇಳುವುದು, ಎಣ್ಣೆ ಹಚ್ಚುವಾಗ ಮುದ್ದಿನ ಮಾತಾಡುವುದು, ಇವೆಲ್ಲ ಮರಾಠಿಯಲ್ಲಿ ಅವಳಿಗೆಲ್ಲಿ ಬರಬೇಕು? ಸುಮ್ಮನಾದಳು. ಮಾತು ಕಲಿಯಬೇಕಾದ ಮಗುವಿನ ಮುಂದೆ ತಾಯಿಯೇ ಮೂಕಿಯಾದಳು.

ಹಲವು ಭಾಷೆಗಳು ಕಿವಿಗೆ ಬೀಳುವುದರಿಂದ ಮಕ್ಕಳಿಗೆ ಮಾತಿನ ದೋಷವಾಗಲಿ ಮನಸ್ಸಿನ ದೋಷವಾಗಲಿ ಬರುವುದಿಲ್ಲವೆಂಬುದನ್ನು ಇಂದಿನ ಸಂಶೋಧನೆಗಳು ಸ್ಪಷ್ಟವಾಗಿ ತೋರಿಸಿವೆ. ದೋಷವಿರುವ ಮಗುವೂ ಎರಡು ಭಾಷೆಯ ಮನೆಯಲ್ಲಿ ಬೆಳೆದರೆ ಅದರಿಂದ ಹೆಚ್ಚು ಹಿಂದೆ ಬೀಳುವುದಿಲ್ಲ. ತಾಯಿಗೆ ಯಾವ ಭಾಷೆ ಹೃದಯದಿಂದ ಬರುತ್ತದೆಯೋ ಅದನ್ನೇ ಆಡಬೇಕು. ಎರಡು ಭಾಷೆಯ ಮಗುವಿನ ಮಾತುಗಳನ್ನು ಎಣಿಸುವಾಗ ಎಲ್ಲ ಭಾಷೆಯವನ್ನೂ ಕೂಡಿಸಿ ಎಣಿಸಬೇಕು. ಕನ್ನಡದಲ್ಲಿ ಹತ್ತು, ಮರಾಠಿಯಲ್ಲಿ ಹನ್ನೆರಡು ಮಾತು ಬಂದರೆ ಆ ಮಗುವಿಗೆ ಇಪ್ಪತ್ತೆರಡು ಮಾತು ಬರುತ್ತವೆಯೆಂದೇ ಲೆಕ್ಕ. ಹೀಗೆ ಕೂಡಿಸಿಯೂ ಸಂಖ್ಯೆ ತೀರ ಕಡಿಮೆಯಾದರೆ ಕಾರಣವನ್ನು ಭಾಷೆಯ ತಲೆಗೆ ಕಟ್ಟದೆ ಬೇರೆಡೆ ಹುಡುಕಬೇಕು.

ನಮ್ಮನ್ನು ಎಚ್ಚರಿಸಿದವಳು ಅಂಗನವಾಡಿಯ ತಾಈ. (ಮರಾಠಿಯಲ್ಲಿ ತಾಈ ಎಂದರೆ ಅಕ್ಕ, ನಮ್ಮ ಕಿವಿಗೆ ಅದು ತಾಯಿಯೆಂದೇ ಕೇಳಿಸುತ್ತದೆ, ಕೇಳಿಸಿದರೆ ತಪ್ಪೂ ಇಲ್ಲ.) ಮೂರು ತುಂಬಿದ ಹುಡುಗನನ್ನು ಅಲ್ಲಿ ಬಿಟ್ಟು ತಿಂಗಳಾಗಿತ್ತು. “ಇಷ್ಟು ಮಕ್ಕಳಲ್ಲಿ ಇವನೊಬ್ಬನೇ ನನಗೆ ಏನನ್ನೂ ತೋರಿಸುವುದಿಲ್ಲ” ಎಂದಳು. ಬೇರೆ ಮಕ್ಕಳು ಹೂವು, ಕಲ್ಲು, ಇರುವೆ, ಗಾಯ, ಏನು ಕಂಡರೂ ಬೆರಳು ಚಾಚಿ ಅವಳಿಗೆ ತೋರಿಸುವರು. ಇವನಿಗೆ ಆ ಆಸೆಯೇ ಇಲ್ಲ. ಮಕ್ಕಳ ಮಾನಸಿಕ ವೈದ್ಯಶಾಸ್ತ್ರದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆಯಿಲ್ಲವೆಂದು ಮುಂದೆ ತಿಳಿಯಿತು. ಬೇಕಾದುದನ್ನು ಪಡೆಯಲು ಬೆರಳು ತೋರಿಸುವುದೊಂದು. ತಾನು ಕಂಡದ್ದನ್ನು ನೀವೂ ನೋಡಲೆಂದು ತೋರಿಸುವುದು ಇನ್ನೊಂದು. ಎರಡನೆಯದು ಇಲ್ಲದಿದ್ದರೆ ಮಾತಿಗೆ ಬೇರೇ ಇಲ್ಲದಂತೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡವೊಂದು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಆ ತಂಡ ಬಂದ ದಿನ ತಾಈ ನಮ್ಮ ಹುಡುಗನನ್ನೇ ಮೊದಲು ಮುಂದೆ ನಿಲ್ಲಿಸಿದಳು. ಅವರು ನಾಗಪುರಕ್ಕೆ ಚೀಟಿ ಬರೆದುಕೊಟ್ಟರು.

ಉಮರೇಡಿನಿಂದ ನಾಗಪುರ ಸುಮಾರು 45 ಕಿಲೋಮೀಟರು. 2019ರವರೆಗೆ ಪುಟ್ಟ ರೈಲೊಂದಿತ್ತು. ಹಳಿ ಅಗಲ ಮಾಡಲೆಂದು ಅದು ನಿಂತಮೇಲೆ ನಮಗೆ ಬಸ್ಸೇ ಗತಿಯಾಗಿತ್ತು. ಡಾಕ್ಟರು ಹುಡುಗನ ತಲೆಯ ಚಿತ್ರ ತೆಗೆಯುತ್ತಾರೆ, ಯಂತ್ರ ರೋಗದ ಹೆಸರು ಹೇಳುತ್ತದೆ ಎಂದು ನಾನು ನಂಬಿಕೊಂಡು ಹೋಗಿದ್ದೆ. ಅಂಥದು ಯಾವುದೂ ಇಲ್ಲ. ಮಕ್ಕಳ ಮಾನಸಿಕ ತೊಂದರೆಗಳನ್ನು ರಕ್ತದಲ್ಲಾಗಲಿ ಚಿತ್ರದಲ್ಲಾಗಲಿ ಕಂಡುಹಿಡಿಯಲು ಬರುವುದಿಲ್ಲ. ಬೇರೆ ಕಾಯಿಲೆಯಿಲ್ಲವೆಂದು ಖಚಿತಪಡಿಸಿಕೊಳ್ಳಲು ಮಾತ್ರ ಕೆಲವು ಪರೀಕ್ಷೆ ಮಾಡುತ್ತಾರೆ. ಥೈರಾಯಿಡ್ ಗ್ರಂಥಿಯ ರಸ ಹುಟ್ಟಿನಿಂದಲೇ ಕಡಿಮೆಯಿದ್ದರೆ ಬುದ್ಧಿ ಕುಂಠಿತವಾಗುತ್ತದೆ. ಹುಟ್ಟಿದ ಕೆಲವೇ ವಾರಗಳಲ್ಲಿ ಗುಳಿಗೆ ಕೊಟ್ಟರೆ ಆಗುವುದಿಲ್ಲ. ಎಲ್ಲಕ್ಕೂ ಮೊದಲು ಕಿವಿ. ನಮ್ಮ ಕುಕ್ಕರಿನ ವಾದವನ್ನು ಅಲ್ಲಿಯ ಹುಡುಗಿಯೊಬ್ಬಳು ಒಂದೇ ಮಾತಿನಲ್ಲಿ ಕೆಡವಿದಳು: ದೊಡ್ಡ ಸದ್ದು ಕೇಳಿಸುವ ಮಗುವಿಗೂ ಮಾತಿನ ಸಣ್ಣ ಸಣ್ಣ ಅಕ್ಷರಗಳು ಕೇಳಿಸದಿರಬಹುದು. ಬೇರಾ ಎಂಬ ಪರೀಕ್ಷೆಗೆ ಮಗು ನಿದ್ರಿಸಬೇಕು. ಆದಕಾರಣ ಬೆಳಗಿನ ಜಾವ ಎಬ್ಬಿಸಿ, ಬಸ್ಸಿನಲ್ಲಿ ಮಲಗಗೊಡದೆ ಕರೆದೊಯ್ದೆವು. ನಿದ್ದೆಯ ಔಷಧ ಕುಡಿಸಿ, ಹಣೆಗೂ ಕಿವಿಯ ಹಿಂದಕ್ಕೂ ತಂತಿ ಅಂಟಿಸಿ, ಸದ್ದಿಗೆ ಮೆದುಳು ಓಗೊಡುತ್ತದೆಯೇ ಎಂದು ನೋಡಿದರು. ಕಿವಿ ಸರಿಯಾಗಿತ್ತು. ಹೆಂಡತಿ ಸಂತೋಷಪಟ್ಟಳು. ನನಗೆ ಹೆದರಿಕೆಯಾಯಿತು.

ಅನಂತರದ್ದೆಲ್ಲ ಮಾತು ಮತ್ತು ನೋಟ. ಗರ್ಭದಲ್ಲಿದ್ದಂದಿನಿಂದ ಇಂದಿನವರೆಗಿನ ಕತೆಯನ್ನು ಒಂದೂವರೆ ಗಂಟೆ ಕೇಳಿದರು. ಹುಟ್ಟಿದಾಗ ಅತ್ತನೇ, ಯಾವಾಗ ನಕ್ಕ, ಎತ್ತಿಕೊಳ್ಳಲು ಕೈ ಚಾಚಿದರೆ ತಾನೂ ಚಾಚುತ್ತಿದ್ದನೇ, ಬಿದ್ದು ನೋವಾದರೆ ಯಾರ ಹತ್ತಿರ ಓಡುತ್ತಾನೆ? ಆಮೇಲೆ ನೆಲದ ಮೇಲೆ ಆಟದ ಸಾಮಾನು ಹರಡಿ, ಅವನ ಪಾಡಿಗೆ ಬಿಟ್ಟು ನೋಡುತ್ತ ಕುಳಿತರು. ಬೊಂಬೆಗೆ ಉಣ್ಣಿಸುತ್ತಾನೆಯೋ, ಇಲ್ಲವೋ? ಮೋಟಾರನ್ನು ಓಡಿಸುತ್ತಾನೆಯೋ, ಬೋರಲು ಹಾಕಿ ಗಾಲಿಯನ್ನಷ್ಟೇ ತಿರುಗಿಸುತ್ತಾನೆಯೋ? ಅವನು ಗಾಲಿ ತಿರುಗಿಸಿದ. ನಡುವೆ ಅವರು ತಾಯಿಯನ್ನು, ಇವನಿಗೆ ಯಾವ ಭಾಷೆಯಲ್ಲಿ ಜೋಗುಳ ಹಾಡುತ್ತೀರಿ ಎಂದು ಕೇಳಿದರು. ಈಗ ಹಾಡುವುದಿಲ್ಲ ಎಂದು ಹೇಳಿ ಅವಳು ಅತ್ತುಬಿಟ್ಟಳು. ಇವತ್ತು ರಾತ್ರಿಯಿಂದಲೇ ಕನ್ನಡದಲ್ಲಿ ಹಾಡಿರಿ ಎಂದರು ಆ ಮರಾಠಿ ವೈದ್ಯೆ. ಕಾಗದದ ಮೇಲೆ ಬರೆದದ್ದು ಆಟಿಸಂ ಎಂದು. ಮರಾಠಿಯಲ್ಲಿ ಅದನ್ನು ಸ್ವಮಗ್ನತಾ ಎನ್ನುತ್ತಾರೆ, ಕನ್ನಡದಲ್ಲಿ ಸ್ವಲೀನತೆ. ಎರಡೂ ಪದಗಳು ಯೋಗಿಗಳಿಗೆ ಒಪ್ಪುವಂತಿವೆ, ಮೂರು ವರ್ಷದ ಹುಡುಗನಿಗೆ ಒಪ್ಪುವುದಿಲ್ಲ.

ನಂಬಲು ನಮಗೆ ಮನಸ್ಸಿರಲಿಲ್ಲ. ಭಾವಮೈದುನ ಬೆಂಗಳೂರಿನಲ್ಲಿದ್ದಾನೆ, ಅಲ್ಲಿ ದೊಡ್ಡವರಿದ್ದಾರೆ ಎಂದು ರಜೆ ಹಾಕಿ ರೈಲು ಹತ್ತಿದೆವು. ಒಂದು ಸಾವಿರ ಕಿಲೋಮೀಟರಿಗೂ ಮೇಲ್ಪಟ್ಟ ದಾರಿ. ಅಲ್ಲಿಯ ಮನಶ್ಶಾಸ್ತ್ರಜ್ಞೆ ಒಂದು ಪಟ್ಟಿಯನ್ನು ತೆಗೆದು, ಮಗು ಕಾಲುಚೀಲ ಕಳೆಯುತ್ತದೆಯೇ, ಚಾಕೊಲೇಟಿನ ಕಾಗದ ತಾನೇ ಬಿಡಿಸುತ್ತದೆಯೇ, ದಾರಿಗೆ ಅಡ್ಡವಿರುವುದನ್ನು ಸರಿಸಿಕೊಂಡು ಬರುತ್ತದೆಯೇ ಎಂದು ಒಂದೊಂದಾಗಿ ಕೇಳಹತ್ತಿದರು. ಕಾಗದದ ತಲೆಯ ಮೇಲೆ ನೋಡುತ್ತೇನೆ, ನಾಗಪುರದ ಹೆಸರು! ಎಡ್ಗರ್ ಡಾಲ್ ಎಂಬವರು 1930ರ ದಶಕದಲ್ಲಿ ಅಮೆರಿಕದ ವೈನ್‌ಲ್ಯಾಂಡ್ ಎಂಬ ಊರಿನಲ್ಲಿ ರಚಿಸಿದ ಸಾಮಾಜಿಕ ಪ್ರೌಢತೆಯ ಮಾಪನವನ್ನು ನಮ್ಮ ದೇಶದ ಮಕ್ಕಳಿಗೆ ಒಗ್ಗುವಂತೆ ತಿದ್ದಿದವರು ನಾಗಪುರದಲ್ಲಿ ಕೆಲಸ ಮಾಡುತ್ತಿದ್ದ ಎ. ಜೆ. ಮಾಲಿನ್. ಅದರಲ್ಲಿ 89 ಪ್ರಶ್ನೆಗಳು, ಹುಟ್ಟಿನಿಂದ ಹದಿನೈದು ವರ್ಷದವರೆಗೆ. ಮಗುವಿನೊಡನೆ ಮಾತಾಡುವ ಅಗತ್ಯವೇ ಇಲ್ಲ. ಸಾಕುವವರು ಉತ್ತರ ಕೊಟ್ಟರಾಯಿತು. ಅದರಿಂದ ಮಗುವಿನ ಸಾಮಾಜಿಕ ವಯಸ್ಸು ತಿಳಿಯುತ್ತದೆ. ನಲವತ್ತು ತಿಂಗಳ ಮಗುವಿನ ಸಾಮಾಜಿಕ ವಯಸ್ಸು ಇಪ್ಪತ್ತಾರು ತಿಂಗಳೆಂದು ಬಂದರೆ, ಇಪ್ಪತ್ತಾರನ್ನು ನಲವತ್ತರಿಂದ ಭಾಗಿಸಿ ನೂರರಿಂದ ಗುಣಿಸಬೇಕು: 65. ಇಂದಿಗೂ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಈ ನಾಗಪುರದ ಪಟ್ಟಿ ಬಳಕೆಯಲ್ಲಿದೆ. ನಾವು ಅದನ್ನು ಕೇಳಿಸಿಕೊಳ್ಳಲು ಬೆಂಗಳೂರಿಗೆ ಹೋಗಿದ್ದೆವು.

ಇನ್ನೊಂದು ಸಂಗತಿಯೂ ನಮ್ಮವರು ಕೇಳತಕ್ಕದ್ದು. ಬಿನೆ ಎಂಬ ಫ್ರೆಂಚ್ ವಿದ್ವಾಂಸರು 1905ರಲ್ಲಿ ಆರಂಭಿಸಿದ ಬುದ್ಧಿಯ ಪರೀಕ್ಷೆಯನ್ನು 1930ರ ದಶಕದಲ್ಲಿ ಧಾರವಾಡದ ಕಡೆಯ ಮಕ್ಕಳ ಮೇಲೆ ಪ್ರಯೋಗಿಸಿ ತಿದ್ದಿದವರು ವಿ. ವಿ. ಕಾಮತರು. ಅದನ್ನು ಅವರು ಸಿದ್ಧಪಡಿಸಿದ್ದು ಕನ್ನಡ ಮತ್ತು ಮರಾಠಿ ಎರಡರಲ್ಲೂ. ಬಿನೆ–ಕಾಮತ್ ಪರೀಕ್ಷೆಯೆಂದರೆ ಇಂದಿಗೂ ದೇಶದ ಮನಶ್ಶಾಸ್ತ್ರಜ್ಞರೆಲ್ಲರಿಗೂ ಗೊತ್ತು. ಮೂರು ವರ್ಷದ ಮೇಲಿನ, ಮಾತು ಬರುವ ಮಕ್ಕಳಿಗೆ ಅದು ಒಪ್ಪುತ್ತದೆ. ನಮ್ಮವನಿಗೆ ಒಪ್ಪಲಿಲ್ಲ, ಮರದ ಹಲಗೆಯ ಕುಳಿಗಳಲ್ಲಿ ವೃತ್ತ, ಚೌಕ, ನಕ್ಷತ್ರಗಳನ್ನು ಕೂಡಿಸುವ ಸೆಗ್ವಿನ್ ಹಲಗೆಯನ್ನು ಮುಂದಿಟ್ಟರು. ಅದನ್ನು ಚಕಚಕನೆ ಮುಗಿಸಿದ. ಅಂದು ನಾವಿಬ್ಬರೂ ನಕ್ಕದ್ದು ಅದೊಂದೇ ಸಲ. ಹೈದರಾಬಾದಿನ ಮಗ್ಗುಲಿನ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯೊಂದು 2009ರಲ್ಲಿ ಸಿದ್ಧಪಡಿಸಿದ ಭಾರತೀಯ ಆಟಿಸಂ ಮಾಪನವನ್ನೂ ತುಂಬಿದರು. ನಲವತ್ತು ಅಂಶ, ಪ್ರತಿಯೊಂದಕ್ಕೂ ಒಂದರಿಂದ ಐದು ಅಂಕ. ಎಪ್ಪತ್ತಕ್ಕಿಂತ ಕಡಿಮೆ ಬಂದರೆ ಆಟಿಸಂ ಅಲ್ಲ. ನಮ್ಮವನ ಅಂಕ ಎಪ್ಪತ್ತನ್ನು ದಾಟಿತು. ಬೆಂಗಳೂರೂ ನಾಗಪುರದ ಮಾತನ್ನೇ ಹೇಳಿತು.

ರೈಲಿನಲ್ಲಿ ಹಿಂತಿರುಗುವಾಗ ಹೆಂಡತಿ, “ಏನ್ರೀ, ನನ್ನ ಕಡೆಯಿಂದ ತಪ್ಪಾತೇನ್ರೀ?” ಎಂದು ಕೇಳಿದಳು. ಈ ಪ್ರಶ್ನೆಗೆ ಒಂದು ಇತಿಹಾಸವಿದೆ. ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ ಹನ್ನೊಂದು ಮಕ್ಕಳನ್ನು ವರ್ಣಿಸಿ ಈ ಸ್ಥಿತಿಯನ್ನು ಮೊದಲು ಜಗತ್ತಿನ ಗಮನಕ್ಕೆ ತಂದರು. ಆಮೇಲೆ ಎರಡು ದಶಕ ಪಾಶ್ಚಾತ್ಯ ಪಂಡಿತರು ತಾಯಂದಿರ ತಣ್ಣಗಿನ ಹೃದಯದಿಂದಲೇ ಮಕ್ಕಳು ಹೀಗಾಗುತ್ತಾರೆಂದು ಬರೆದದ್ದೇ ಬರೆದದ್ದು. ಎಷ್ಟು ತಾಯಂದಿರು ಆ ಪಾಪವನ್ನು ತಲೆಯ ಮೇಲೆ ಹೊತ್ತು ಹೋದರೋ! ಅದು ಸುಳ್ಳೆಂದು ಸಿದ್ಧವಾಗಿ ಬಹುಕಾಲವಾಯಿತು. ಮೆದುಳಿನ ಬೆಳವಣಿಗೆಯೇ ಬೇರೆ ಬಗೆಯಾಗುವುದು ಇದಕ್ಕೆ ಕಾರಣ; ವಂಶವಾಹಿಗಳ ಪಾಲು ದೊಡ್ಡದು. ಚುಚ್ಚುಮದ್ದಿನಿಂದ ಬಂತೆಂದು ನಮ್ಮ ಬಂಧುಗಳೊಬ್ಬರು ಹೇಳಿದರು. 1998ರಲ್ಲಿ ಹಾಗೆ ಬರೆದ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಚುಚ್ಚುಮದ್ದನ್ನು ದಯವಿಟ್ಟು ಯಾರೂ ತಪ್ಪಿಸಬೇಡಿರಿ.

ಮೂರು ವರ್ಷದ ಮಾತು ಹಾಗಿರಲಿ, ಹಾಲು ಕುಡಿಯುವ ಕೂಸಿಗೂ ಮನಸ್ಸಿನ ಕಾಯಿಲೆ ಉಂಟೇ ಎಂದು ಕೇಳಬಹುದು. ಉಂಟು. 1945ರಲ್ಲಿ ರೆನೆ ಸ್ಪಿಟ್ಜ್ ಎಂಬ ವೈದ್ಯರು ಎರಡು ಕಡೆಯ ಕೂಸುಗಳನ್ನು ಹೋಲಿಸಿ ಬರೆದರು. ಒಂದು ಸೆರೆಮನೆ, ಅಲ್ಲಿ ಕೈದಿ ತಾಯಂದಿರೇ ತಮ್ಮ ಕೂಸುಗಳನ್ನು ಆಡಿಸುತ್ತಿದ್ದರು. ಇನ್ನೊಂದು ಅನಾಥಾಲಯ, ಆಹಾರ, ಶುಚಿ, ವೈದ್ಯರು ಎಲ್ಲ ಇದ್ದರೂ ಏಳೆಂಟು ಕೂಸುಗಳಿಗೆ ಒಬ್ಬಳೇ ದಾದಿ, ಎತ್ತಿಕೊಳ್ಳುವವರಿಲ್ಲ. ಸೆರೆಮನೆಯ ಕೂಸುಗಳು ಬೆಳೆದವು. ಅನಾಥಾಲಯದವು ಅಳುವುದನ್ನೇ ಬಿಟ್ಟು, ಗೋಡೆ ನೋಡುತ್ತ ಮಲಗಿ, ಸೊರಗಿದವು. ಹಲವು ತೀರಿಯೇ ಹೋದವು. ಜಾನ್ ಬೌಲ್ಬಿಯವರು 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಕೊಟ್ಟ ವರದಿಯಲ್ಲಿ ಇದನ್ನೇ ವಿಸ್ತರಿಸಿದರು. ಈಗ ಹುಟ್ಟಿನಿಂದ ಐದು ವರ್ಷದವರೆಗಿನ ಮಕ್ಕಳ ಮಾನಸಿಕ ತೊಂದರೆಗಳಿಗೇ ಪ್ರತ್ಯೇಕವಾದ ವರ್ಗೀಕರಣದ ಪುಸ್ತಕವಿದೆ. 1994ರಲ್ಲಿ ಮೂರು ವರ್ಷದವರೆಗೆಂದು ಹೊರಟದ್ದು 2016ರಲ್ಲಿ ಐದು ವರ್ಷಕ್ಕೆ ವಿಸ್ತರಿಸಿತು. ಕೂಸನ್ನು ಒಂಟಿಯಾಗಿ ಪರೀಕ್ಷಿಸಿ ಪ್ರಯೋಜನವಿಲ್ಲವೆಂಬುದು ಅದರ ಮುಖ್ಯ ತತ್ತ್ವ. ಸಾಕುವವರ ಮಡಿಲಲ್ಲಿ ಅದು ಹೇಗೆ ಉಣ್ಣುತ್ತದೆ, ಮಲಗುತ್ತದೆ, ಅತ್ತಾಗ ಯಾರ ಕೈಗೆ ಸುಮ್ಮನಾಗುತ್ತದೆ ಎಂಬುದನ್ನು ನೋಡಬೇಕು.

ಆದುದರಿಂದ ಕೂಸಿನ ಜತೆಗೆ ತಾಯಿಯನ್ನೂ ನೋಡಬೇಕಾಗುತ್ತದೆ. ನಮ್ಮ ಹೆಣ್ಣುಮಕ್ಕಳು ತವರಿನಲ್ಲಿ ಬಾಣಂತನ ಮುಗಿಸಿಕೊಂಡು ಮೂರೋ ಐದೋ ತಿಂಗಳಿಗೆ ಇಲ್ಲಿಯ ಕ್ವಾರ್ಟರ್ಸಿಗೆ ಬರುತ್ತಾರೆ. ಗಂಡ ಪಾಳಿಗೆ ಹೋದರೆ ಸಂಜೆಯವರೆಗೆ ಮಾತಾಡುವವರಿಲ್ಲ. ಹೆರಿಗೆಯ ಅನಂತರ ಕೆಲವರಿಗೆ ಬರುವ ಖಿನ್ನತೆಯು ಸೋಮಾರಿತನವೂ ಅಲ್ಲ, ಸೊಕ್ಕೂ ಅಲ್ಲ, ಕಾಯಿಲೆ. ಅದನ್ನು ಗುರುತಿಸಲು 1987ರಲ್ಲಿ ಎಡಿನ್‌ಬರೋದಲ್ಲಿ ಸಿದ್ಧವಾದ ಹತ್ತು ಪ್ರಶ್ನೆಗಳ ಪಟ್ಟಿ ಕನ್ನಡದಲ್ಲೂ ಇದೆ. ತಾಯಿಗೆ ಚಿಕಿತ್ಸೆಯಾದರೆ ಎಷ್ಟೋ ಸಲ ಕೂಸು ತಾನಾಗಿ ಚೇತರಿಸಿಕೊಳ್ಳುತ್ತದೆ.

ಗಮನಿಸಬೇಕಾದ ಗುರುತುಗಳನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಎರಡು ತಿಂಗಳ ಸುಮಾರಿಗೆ ಕೂಸು ಮುಖ ನೋಡಿ ನಗಬೇಕು. ವರ್ಷ ತುಂಬುವಷ್ಟರಲ್ಲಿ ಬಾಬಾ ದಾದಾ ಎಂದು ತೊದಲಬೇಕು, ಹೆಸರು ಕರೆದರೆ ತಿರುಗಬೇಕು, ಟಾಟಾ ಮಾಡುವುದು, ಬೆರಳು ತೋರಿಸುವುದು ಇತ್ಯಾದಿ ಸನ್ನೆಗಳು ಮೊಳೆಯಬೇಕು. ಒಂದು ವರ್ಷ ನಾಲ್ಕು ತಿಂಗಳಿಗೆ ಒಂದಾದರೂ ಮಾತು, ಎರಡು ವರ್ಷಕ್ಕೆ ತಾನಾಗಿ ಎರಡು ಮಾತು ಜೋಡಿಸಿ ಆಡುವುದು ಬೇಕು. ಇವು ಕಾಣದಿದ್ದರೆ ಕಾಯಿಲೆಯಿದೆ ಎಂದರ್ಥವಲ್ಲ, ತೋರಿಸಬೇಕು ಎಂದರ್ಥ. ಇದಕ್ಕೆ ಎದುರಾಗಿ, ನಾವು ಕಾಯಿಲೆಯೆಂದು ತಿಳಿಯುವ ಕೆಲವು ಆರೋಗ್ಯದ ಲಕ್ಷಣಗಳೇ. ಎಂಟು ಹತ್ತು ತಿಂಗಳ ಕೂಸು ಹೊಸಬರನ್ನು ಕಂಡು ಚೀರುವುದು ತನ್ನವರ ಗುರುತು ಬಲಿತಿದೆಯೆಂಬುದಕ್ಕೆ ಸಾಕ್ಷಿ. ವರ್ಗವಾಗಿ ಊರು ಬದಲಾದಾಗ ನಾಲ್ಕು ವರ್ಷದ ಹುಡುಗಿ ಮತ್ತೆ ಹಾಸಿಗೆ ಒದ್ದೆ ಮಾಡಿಕೊಂಡರೆ, ತಾಯಿಯ ಸೆರಗು ಬಿಡದಿದ್ದರೆ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಸರಿಹೋಗುತ್ತದೆ. ತಿಂಗಳುಗಟ್ಟಲೆ ಉಳಿದರೆ, ಊಟ, ನಿದ್ದೆ, ಆಟ ಮೂರೂ ಕೆಟ್ಟರೆ, ಆಗ ಹೋಗಿ ಕೇಳಬೇಕು.

ಆಟಿಸಂ ವಾಸಿಮಾಡುವ ಗುಳಿಗೆಯಿಲ್ಲ. ಇದೆಯೆಂದು ಹೇಳಿ ಹಣ ಕೇಳಿದವರು ನಮಗೂ ಇಬ್ಬರು ಸಿಕ್ಕರು. ಮಾತಿನ ತರಬೇತಿ, ಕೈಕೆಲಸದ ತರಬೇತಿ, ಇವುಗಳಿಗಿಂತ ಹೆಚ್ಚಾಗಿ ಮನೆಯಲ್ಲಿ ದಿನವೂ ಅವನೊಡನೆ ನೆಲದ ಮೇಲೆ ಕುಳಿತು ಆಡುವುದು, ಇದೇ ಚಿಕಿತ್ಸೆ. ಬೇಗ ತೊಡಗಿದಷ್ಟೂ ಲಾಭ ಹೆಚ್ಚು. ಕಾಗದಪತ್ರದ ವಿಷಯ ನನ್ನ ಕಸುಬಿಗೆ ಸೇರಿದ್ದರಿಂದ ಒಂದು ಮಾತು: 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಗಳಲ್ಲಿ ಆಟಿಸಂ ಸೇರಿದೆ. ಪ್ರಮಾಣಪತ್ರವನ್ನು ನಾಚಿಕೆಯಿಂದ ಮುಂದೂಡಬೇಡಿರಿ. ಅರ್ಜಿ ತುಂಬಲು ಕಷ್ಟವಾದವರು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದರೆ ನಾನು ತುಂಬಿಕೊಡುತ್ತೇನೆ. ನಾಗಪುರಕ್ಕೆ ಮೊದಲ ಸಲ ಹೋಗುವವರಿಗೆ ಜತೆಯಾಗಿಯೂ ಬರುತ್ತೇನೆ. ಯಾರಿಗೂ ಹೇಳಲು ಮನಸ್ಸಿಲ್ಲದವರು 14416 ಎಂಬ ಸಂಖ್ಯೆಗೆ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಈ ಸರಕಾರಿ ಸೇವೆಗೆ ಹಣವಿಲ್ಲ.

ಹುಡುಗನಿಗೆ ಈಗ ಐದು ವರ್ಷ. ಹತ್ತಿಪ್ಪತ್ತು ಮಾತು ಬಂದಿವೆ, ಕನ್ನಡವೂ ಮರಾಠಿಯೂ ಕಲೆತು. ತಾಟು ತಿರುಗಿಸುವುದನ್ನು ಬಿಟ್ಟಿಲ್ಲ. ಹೋದ ತಿಂಗಳು ನಮ್ಮ ಅವ್ವ ಅಂಗಳದಲ್ಲಿ ಭಿವಾಪುರದ ಮೆಣಸಿನಕಾಯಿ ಒಣಹಾಕಿ ಕಾಯುತ್ತ ಕುಳಿತಿದ್ದಳು. ಅಳಿಲೊಂದು ಗೋಡೆಯ ಮೇಲೆ ಓಡಿತು. ಇವನು ಅವಳ ಗದ್ದ ಹಿಡಿದು ಆ ಕಡೆಗೆ ತಿರುಗಿಸಿ, ಬೆರಳು ಚಾಚಿ ತೋರಿಸಿದ. ಅವ್ವ ಒಳಗೆ ಓಡಿಬಂದು ನಮ್ಮನ್ನು ಕರೆದಳು. ನಾವು ಹೊರಗೆ ಹೋಗುವಷ್ಟರಲ್ಲಿ ಅಳಿಲು ಹೋಗಿತ್ತು. ಅವನು ಇನ್ನೂ ಗೋಡೆಯತ್ತ ಬೆರಳು ಚಾಚಿಕೊಂಡೇ ನಿಂತಿದ್ದ.